ದಡದಲ್ಲಿ ಸರಿಯಾಗಿ ಓಡಿದ ಬೋಟಿನ ಎಂಜಿನ್ ಹೊಳೆಯ ನಡುವೆ ಏಕೆ ಸೊರಗುತ್ತದೆ

ನದಿ ದಂಡೆಯ ಗ್ರಾಮ ಪಂಚಾಯಿತಿಗಳ ಮಾನ್ಯ ಅಧ್ಯಕ್ಷರು ಹಾಗೂ ಸದಸ್ಯರ ಗಮನಕ್ಕೆ,

ಕೃಷ್ಣಾ, ಘಟಪ್ರಭಾ ಮತ್ತು ಮಲಪ್ರಭಾ ನದಿಗಳ ದಂಡೆಯ ಜನರಿಗೆ 2009ರ ಅಕ್ಟೋಬರ್ ಹಾಗೂ 2019ರ ಆಗಸ್ಟ್ ತಿಂಗಳ ಪ್ರವಾಹಗಳನ್ನು ಹೊಸದಾಗಿ ನೆನಪಿಸಬೇಕಾಗಿಲ್ಲ. ಅಂತಹ ದಿನಗಳಲ್ಲಿ ತೋಟದ ಮನೆಗಳಿಂದ ಜನರನ್ನು ಕರೆತರಲು ಬಳಕೆಯಾಗುವುದು ಹಿಂಬದಿಗೆ ಎಂಜಿನ್ ಬಿಗಿದ ರಬ್ಬರ್ ಅಥವಾ ಫೈಬರ್ ಬೋಟು. ವರ್ಷದ ಬಹುಪಾಲು ಕೊಠಡಿಯ ಮೂಲೆಯಲ್ಲಿರುವ ಈ ಎಂಜಿನ್ನನ್ನು ಮುಂಗಾರಿಗೆ ಮೊದಲು ಹೊರತೆಗೆದು, ನೀರು ತುಂಬಿದ ಡ್ರಮ್ಮಿನಲ್ಲಿಟ್ಟು, ಎರಡು ನಿಮಿಷ ಓಡಿಸಿ, ‘ಸುಸ್ಥಿತಿಯಲ್ಲಿದೆ’ ಎಂದು ವಹಿಯಲ್ಲಿ ಬರೆಯುವುದು ರೂಢಿ. ಎಂಜಿನ್ ಚಾಲೂ ಆಗುತ್ತದೆ ಎಂಬುದಕ್ಕಿಂತ ಹೆಚ್ಚಿನದನ್ನು ಈ ಪರೀಕ್ಷೆ ತಿಳಿಸುವುದಿಲ್ಲ. ಎಂಟು ಜನ ಕುಳಿತಾಗ, ಸೆಳವಿಗೆ ಎದುರಾಗಿ ವೇಗ ಹೆಚ್ಚಿಸಿದಾಗ ಅದು ಎಳೆಯುತ್ತದೆಯೇ ಎಂಬುದೇ ಬೇರೆ ಪ್ರಶ್ನೆ.

ಕಾರಣ ಸರಳವಾಗಿದೆ. ಭಾರವಿಲ್ಲದೆ ಮೆಲ್ಲಗೆ ಓಡುವ ಎಂಜಿನ್ನಿಗೆ ಬೇಕಾಗುವ ಪೆಟ್ರೋಲ್ ಅತ್ಯಲ್ಪ. ಅರ್ಧ ಕಟ್ಟಿಕೊಂಡ ಕೊಳವೆಯಲ್ಲಿಯೂ ಅಷ್ಟು ಹರಿದು ಬರುತ್ತದೆ. ಪೂರ್ಣ ವೇಗದಲ್ಲಿ ಬೇಡಿಕೆ ಹಲವು ಪಟ್ಟು ಏರುತ್ತದೆ. ಆಗ ಕಾರ್ಬುರೇಟರಿನ ಪುಟ್ಟ ಬಟ್ಟಲಿನಲ್ಲಿ ಸಂಗ್ರಹವಿದ್ದ ಇಂಧನದಿಂದ ಬೋಟು ಕೆಲವು ಕ್ಷಣ ಚೆನ್ನಾಗಿಯೇ ನುಗ್ಗುತ್ತದೆ. ಬಟ್ಟಲು ಬರಿದಾದೊಡನೆ ಎಂಜಿನ್ ಕುಗ್ಗುತ್ತದೆ. ಚಾಲಕನು ವೇಗ ತಗ್ಗಿಸಿದರೆ ಬಟ್ಟಲು ಮತ್ತೆ ತುಂಬುತ್ತದೆ, ಎಂಜಿನ್ ಚೇತರಿಸಿಕೊಳ್ಳುತ್ತದೆ, ಪುನಃ ವೇಗ ಕೊಟ್ಟರೆ ಪುನಃ ಸೊರಗುತ್ತದೆ. ಹೀಗೆ ಏರಿ ಇಳಿಯುವ ಎಂಜಿನ್ನನ್ನು ಕಂಡಾಗ ‘ಪಿಸ್ಟನ್ ಹೋಗಿದೆ, ಪೂರ್ತಿ ಬಿಚ್ಚಬೇಕು’ ಎಂಬ ಮಾತಿಗೆ ಒಪ್ಪಿ ಹಣ ಮಂಜೂರು ಮಾಡುವ ಮುನ್ನ ಇಂಧನದ ದಾರಿಯನ್ನು ನೋಡತಕ್ಕದ್ದು. ಹಾಗೆಂದು ಕುಗ್ಗುತ್ತಿರುವ ಎಂಜಿನ್ನನ್ನು ಪೂರ್ಣ ವೇಗದಲ್ಲಿಯೇ ಒತ್ತಾಯದಿಂದ ಓಡಿಸಬಾರದು. ಟೂ ಸ್ಟ್ರೋಕ್ ಎಂಜಿನ್ನಿನಲ್ಲಿ ಎಣ್ಣೆಯೂ ಪೆಟ್ರೋಲಿನ ಜೊತೆಯಲ್ಲಿಯೇ ಬರುವುದರಿಂದ, ಇಂಧನದ ಕೊರತೆಯಲ್ಲಿ ಓಡಿದ ಪಿಸ್ಟನ್ ನಿಜವಾಗಿಯೂ ಸುಡುತ್ತದೆ.

ಟ್ಯಾಂಕಿನಿಂದ ಎಂಜಿನ್ನಿಗೆ ಹೋಗುವ ಕೊಳವೆಯ ನಡುವೆ ಮೊಟ್ಟೆಯಾಕಾರದ ರಬ್ಬರ್ ಬಲ್ಬ್ ಇರುತ್ತದೆ. ಚಾಲೂ ಮಾಡುವ ಮುನ್ನ ಅದನ್ನು ಕೈಯಿಂದ ಒತ್ತಿ ಪೆಟ್ರೋಲ್ ಏರಿಸುವುದು ಎಲ್ಲ ಚಾಲಕರಿಗೂ ಗೊತ್ತು. ದೋಷ ಹಿಡಿಯುವುದಕ್ಕೂ ಅದೇ ಉತ್ತಮ ಸಾಧನವೆಂಬುದು ಅಷ್ಟಾಗಿ ಗೊತ್ತಿಲ್ಲ. ಎಂಜಿನ್ ಸೊರಗುತ್ತಿರುವಾಗಲೇ ಜೊತೆಯಲ್ಲಿರುವ ಇನ್ನೊಬ್ಬರು ಬಲ್ಬನ್ನು ಒಂದೇ ಸಮನೆ ಒತ್ತಬೇಕು. ಒತ್ತಿದಾಗ ಎಂಜಿನ್ ಚೇತರಿಸಿಕೊಂಡರೆ ದೋಷ ಇಂಧನದ ಪೂರೈಕೆಯಲ್ಲಿದೆ ಎಂಬುದು ಬಹುತೇಕ ಖಚಿತ. ಬಲ್ಬ್ ಚಪ್ಪಟೆಯಾಗಿ ಒಳಕ್ಕೆ ಎಳೆದುಕೊಂಡಿದ್ದರೆ ಅಡಚಣೆ ಟ್ಯಾಂಕಿನ ಕಡೆಗಿದೆ. ಟ್ಯಾಂಕಿನ ಮುಚ್ಚಳದ ಮೇಲಿರುವ ಗಾಳಿ ತಿರುಪನ್ನು ಸಾಗಾಟದ ವೇಳೆ ಬಿಗಿದು, ಮರಳಿ ಸಡಿಲಿಸಲು ಮರೆತಿರುವುದೇ ಇದಕ್ಕೆ ಸಾಮಾನ್ಯ ಕಾರಣ. ಹೊರಗಿನ ಗಾಳಿ ಒಳಗೆ ಹೋಗದಿದ್ದರೆ ಪೆಟ್ರೋಲ್ ಹೊರಗೆ ಬರುವುದಿಲ್ಲ. ಒಂದು ತಿರುಪು ತಿರುಗಿಸಿದರೆ ಮುಗಿಯುವ ದೋಷವಿದು. ತಿರುಪು ಸರಿಯಿದ್ದರೆ ಟ್ಯಾಂಕಿನ ತಳದಲ್ಲಿರುವ ಹೀರುಕೊಳವೆಯ ಜಾಲರಿಯಲ್ಲಿ ಕಸ ಕಟ್ಟಿದೆಯೇ ಎಂದು ಪರಿಶೀಲಿಸಬೇಕು.

ಇದಕ್ಕೆ ವಿರುದ್ಧವಾಗಿ ಬಲ್ಬ್ ಗಟ್ಟಿಯಾಗಿಯೇ ಇದ್ದು ಎಂಜಿನ್ ಮಾತ್ರ ಕುಗ್ಗುತ್ತಿದ್ದರೆ ಅಡಚಣೆ ಮುಂದಿನ ಭಾಗದಲ್ಲಿ, ಅಂದರೆ ಫಿಲ್ಟರ್, ಇಂಧನ ಪಂಪು ಅಥವಾ ಕಾರ್ಬುರೇಟರಿನಲ್ಲಿ ಇರಬಹುದು. ಎಷ್ಟು ಒತ್ತಿದರೂ ಬಲ್ಬ್ ಗಟ್ಟಿಯಾಗದಿದ್ದರೆ ಕೊಳವೆ ಸೀಳಿ ಅಥವಾ ಜೋಡಣೆ ಸಡಿಲವಾಗಿ ಗಾಳಿ ಎಳೆಯುತ್ತಿದೆ, ಇಲ್ಲವೇ ಬಲ್ಬಿನ ಒಳಗಿನ ಕವಾಟ ಕೆಟ್ಟಿದೆ ಎಂದು ತಿಳಿಯಬೇಕು. ಬಿಸಿಲಿನಲ್ಲಿ ವರ್ಷಗಟ್ಟಲೆ ಬಿದ್ದ ರಬ್ಬರ್ ಕೊಳವೆಯನ್ನು ಬಾಗಿಸಿ ನೋಡಿದರೆ ಬಿರುಕು ಕಣ್ಣಿಗೇ ಕಾಣುತ್ತದೆ.

ಹಳೆಯ ಪೆಟ್ರೋಲಿನ ವಿಷಯವನ್ನು ವಿಶೇಷವಾಗಿ ಹೇಳಬೇಕಾಗಿದೆ. ಈಗ ಬಂಕುಗಳಲ್ಲಿ ದೊರೆಯುವ ಪೆಟ್ರೋಲಿನಲ್ಲಿ ಶೇ 20ರವರೆಗೆ ಎಥೆನಾಲ್ ಬೆರೆತಿರುತ್ತದೆ. ಕಬ್ಬಿನ ನಾಡಿನವರಾದ ನಮಗೆ ಎಥೆನಾಲ್ ಪರಕೀಯವೇನಲ್ಲ. ಆದರೆ ಅದು ನೀರನ್ನು ಹೀರಿಕೊಳ್ಳುತ್ತದೆ. ನೀರಿನ ಅಂಶ ಮಿತಿ ಮೀರಿದಾಗ ನೀರು ಮತ್ತು ಎಥೆನಾಲ್ ಒಂದಾಗಿ, ಪೆಟ್ರೋಲಿನಿಂದ ಬೇರ್ಪಟ್ಟು ಟ್ಯಾಂಕಿನ ತಳಕ್ಕೆ ಇಳಿಯುತ್ತವೆ. ಎಂಜಿನ್ ಹೀರುವುದು ತಳದಿಂದಲೇ. ಕಳೆದ ಮಳೆಗಾಲದಲ್ಲಿ ಉಳಿದ ಪೆಟ್ರೋಲನ್ನು ‘ವ್ಯರ್ಥವಾಗಬಾರದು’ ಎಂದು ಈ ಮಳೆಗಾಲಕ್ಕೆ ಬಳಸುವ ಮಿತವ್ಯಯದ ಫಲ ಹೊಳೆಯ ನಡುವೆ ಗೊತ್ತಾಗುತ್ತದೆ. ಕಾರ್ಬುರೇಟರಿನಲ್ಲಿ ಉಳಿದ ಪೆಟ್ರೋಲ್ ಆರಿ, ಅಂಟಾಗಿ ಕೂದಲೆಳೆಯಂತಹ ರಂಧ್ರಗಳನ್ನು ಮುಚ್ಚುವುದೂ ಉಂಟು. ಸಂಶಯವಿದ್ದಲ್ಲಿ ಟ್ಯಾಂಕಿನ ತಳದ ಪೆಟ್ರೋಲನ್ನು ಪಾರದರ್ಶಕ ಗಾಜಿನ ಬಾಟಲಿಗೆ ಸ್ವಲ್ಪ ತೆಗೆದು ಅಲುಗಾಡದಂತೆ ಇಡಬೇಕು. ಎರಡು ಪದರ ಕಂಡರೆ ಅಷ್ಟನ್ನೂ ಬದಲಾಯಿಸತಕ್ಕದ್ದು. ಈ ಕೆಲಸವನ್ನು ಬಯಲಿನಲ್ಲಿ, ಬೀಡಿ-ಬೆಂಕಿಯಿಂದ ದೂರದಲ್ಲಿ ಮಾಡಬೇಕೆಂದು ಪ್ರತ್ಯೇಕವಾಗಿ ಹೇಳಬೇಕಾಗಿಲ್ಲವಷ್ಟೆ. ಟೂ ಸ್ಟ್ರೋಕ್ ಎಂಜಿನ್ನಿಗೆ ಎಣ್ಣೆ ಬೆರೆಸುವ ಪ್ರಮಾಣ ಆಯಾ ಕೈಪಿಡಿಯಲ್ಲಿ ಇರುತ್ತದೆ. 50ಕ್ಕೆ 1 ಎಂದಿದ್ದರೆ ಒಂದು ಲೀಟರಿಗೆ 20 ಮಿಲಿ ಲೀಟರ್. ಅಂದಾಜಿನಲ್ಲಿ ಸುರಿಯಬಾರದು.

ಇಂಧನ ಸರಿಯಿದ್ದೂ ಬೋಟು ಮುನ್ನುಗ್ಗದಿದ್ದರೆ ಎಂಜಿನ್ನಿನ ಸದ್ದನ್ನು ಗಮನಿಸಬೇಕು. ಸದ್ದು ಏರುತ್ತದೆ, ಬೋಟು ಮಾತ್ರ ನಿಂತಲ್ಲೇ ಇದೆ ಎಂದಾದರೆ ಎಂಜಿನ್ ನಿರ್ದೋಷಿ. ದೋಷ ಕೆಳಗಿನ ಪ್ರೊಪೆಲ್ಲರಿನಲ್ಲಿದೆ. ಅದರ ಗುಂಭದೊಳಗಿನ ರಬ್ಬರ್ ಬುಷ್ ಸಡಿಲವಾದರೆ ಮೆಲ್ಲಗೆ ಹೋಗುವಾಗ ಹಿಡಿತ ಇರುತ್ತದೆ, ಶಕ್ತಿ ಕೊಟ್ಟೊಡನೆ ಜಾರುತ್ತದೆ. ಎಂಜಿನ್ನನ್ನು ತೀರ ಮೇಲಕ್ಕೆ ಕಟ್ಟಿದ್ದರೆ ಪ್ರೊಪೆಲ್ಲರ್ ನೀರಿನ ಬದಲು ಗಾಳಿಯನ್ನು ಕಡೆಯುತ್ತದೆ. ಸದ್ದೂ ಏರದೆ ವೇಗವೂ ಏರದೆ ಎಂಜಿನ್ ಹೊರೆ ಹೊತ್ತಂತೆ ನರಳಿದರೆ ಪ್ರೊಪೆಲ್ಲರಿಗೆ ಕಬ್ಬಿನ ರವದಿ, ಸೀರೆಯ ತುಂಡು, ಪ್ಲಾಸ್ಟಿಕ್ ಹಗ್ಗ ಸುತ್ತಿಕೊಂಡಿರಬಹುದು. ಬೋಟಿನೊಳಗೆ ನೀರು ತುಂಬಿರಬಹುದು. ಅಥವಾ ಎರಡು ಸಿಲಿಂಡರಿನ ಎಂಜಿನ್ನಿನಲ್ಲಿ ಒಂದರ ಪ್ಲಗ್ ಕಿಡಿ ಕೊಡದೆ ಇರಬಹುದು. ಪ್ರೊಪೆಲ್ಲರಿಗೆ ಕೈ ಹಾಕುವ ಮುನ್ನ ಎಂಜಿನ್ ನಿಲ್ಲಿಸಿ, ತುರ್ತು ನಿಲುಗಡೆಯ ಹಗ್ಗವನ್ನು ಕಳಚಿಡಬೇಕು.

ಹತ್ತು-ಹದಿನೈದು ನಿಮಿಷ ಚೆನ್ನಾಗಿ ಓಡಿ ಆಮೇಲೆ ಶಕ್ತಿ ತಗ್ಗಿದರೆ ಬಿಸಿಯನ್ನು ಶಂಕಿಸಬೇಕು. ಎಂಜಿನ್ನಿನ ಹಿಂಬದಿಯಿಂದ ಸಣ್ಣ ಧಾರೆಯಾಗಿ ನೀರು ಚಿಮ್ಮುತ್ತಿರಬೇಕು. ಪ್ರವಾಹದ ಕೆಸರು ನೀರು ಹೀರುಬಾಯಿಯನ್ನು ಮುಚ್ಚಿದರೆ ಈ ಧಾರೆ ಸಣ್ಣದಾಗುತ್ತದೆ ಅಥವಾ ನಿಲ್ಲುತ್ತದೆ. ಬಿಸಿಯೇರಿದಾಗ ತಾವಾಗಿಯೇ ವೇಗ ತಗ್ಗಿಸಿಕೊಳ್ಳುವ ಎಂಜಿನ್ನುಗಳೂ ಇವೆ. ಅದು ದೋಷವಲ್ಲ, ಎಚ್ಚರಿಕೆ.

ಆದುದರಿಂದ ಮೇ ತಿಂಗಳು ಮುಗಿಯುವುದರೊಳಗೆ ಸದಸ್ಯರ ಸಮಕ್ಷಮ ನಿಂತ ನೀರಿನಲ್ಲಿ ಬೋಟನ್ನು ಇಳಿಸಿ ಪರೀಕ್ಷಿಸತಕ್ಕದ್ದು. ಬೋಟಿನ ಮೇಲೆ ನಮೂದಿಸಿದ ಭಾರದ ಮಿತಿಯೊಳಗೆ ಮರಳಿನ ಚೀಲಗಳನ್ನು ಹೇರಬೇಕೇ ಹೊರತು ನೋಡಲು ಬಂದ ಹುಡುಗರನ್ನು ಅಲ್ಲ. ಒಳಗಿರುವ ಚಾಲಕ ಮತ್ತು ಸಹಾಯಕ ಇಬ್ಬರೂ ಜೀವರಕ್ಷಕ ಜಾಕೆಟ್ ಧರಿಸಿರಬೇಕು, ಹುಟ್ಟುಗಳು ಬೋಟಿನಲ್ಲಿರಬೇಕು, ಹತ್ತಿರದಲ್ಲಿ ಅಂಬಿಗರ ದೋಣಿಯೊಂದು ಸಿದ್ಧವಿದ್ದರೆ ಒಳಿತು. ಕನಿಷ್ಠ ಇಪ್ಪತ್ತು ನಿಮಿಷ ಓಡಿಸಿ, ನಡುನಡುವೆ ಪೂರ್ಣ ವೇಗ ಕೊಟ್ಟು ನೋಡಬೇಕು. ವಹಿಯಲ್ಲಿ ‘ಸುಸ್ಥಿತಿಯಲ್ಲಿದೆ’ ಎಂದಷ್ಟೇ ಬರೆಯದೆ ಎಷ್ಟು ಭಾರ ಹೇರಲಾಗಿತ್ತು, ಎಷ್ಟು ಹೊತ್ತು ಓಡಿತು, ಸೊರಗಿದ್ದರೆ ಎಷ್ಟು ಹೊತ್ತಿನ ನಂತರ, ಬಲ್ಬ್ ಒತ್ತಿದಾಗ ಏನಾಯಿತು ಎಂಬುದನ್ನು ನಮೂದಿಸಬೇಕು. ಮೆಕ್ಯಾನಿಕ್‌ಗೆ ಎಂಜಿನ್ ಒಪ್ಪಿಸುವಾಗ ಆ ಪುಟದ ಪ್ರತಿಯನ್ನೂ ಕೊಡುವುದು. ಮಳೆಗಾಲ ಮುಗಿದು ಎಂಜಿನ್ನನ್ನು ಒಳಗಿಡುವ ದಿನ ಟ್ಯಾಂಕನ್ನೂ ಕಾರ್ಬುರೇಟರನ್ನೂ ಬರಿದು ಮಾಡಿ, ಅದರ ದಿನಾಂಕವನ್ನು ಅದೇ ವಹಿಯಲ್ಲಿ ಬರೆದಿಡತಕ್ಕದ್ದು.