ಗಣಕದೊಳಗಿನ ಬದು

ಹೊಲಕ್ಕೂ ಹೊಲಕ್ಕೂ ನಡುವೆ ಬದುವಿರುವಂತೆ ಗಣಕಯಂತ್ರದ ಡಿಸ್ಕಿನಲ್ಲಿಯೂ ಭಾಗಗಳುಂಟು. ಅವಕ್ಕೆ ಪಾರ್ಟಿಷನ್ ಎಂದು ಹೆಸರು. ಯಾವ ಭಾಗ ಎಲ್ಲಿಂದ ಎಲ್ಲಿಯವರೆಗೆ ಎಂಬ ಪಟ್ಟಿಯನ್ನು ಡಿಸ್ಕಿನ ಆರಂಭದಲ್ಲೇ ಬರೆದಿರುತ್ತದೆ. ಹಳೆಯ ಎಂ.ಬಿ.ಆರ್. ಪದ್ಧತಿಯ ಪಟ್ಟಿಯಲ್ಲಿ 4 ಮುಖ್ಯ ಭಾಗಗಳಿಗಷ್ಟೇ ಎಡೆ, ಜಿ.ಪಿ.ಟಿ.ಯಲ್ಲಿ ಸಾಮಾನ್ಯವಾಗಿ 128ಕ್ಕೆ.

ಒಂದು ಭಾಗ ತುಂಬಿ ಪಕ್ಕದ್ದು ಬರಿದಾಗಿದ್ದರೆ ಬದುವನ್ನು ಸರಿಸಬಹುದು. ಆದರೆ ಗಣಕವು ತಾನು ನಿಂತು ನಡೆಯುತ್ತಿರುವ ಭಾಗವನ್ನೇ ಸರಿಸಹೊರಟರೆ ಕುಳಿತ ಕೊಂಬೆಯನ್ನು ಕಡಿದಂತಾದೀತು. ಆದಕಾರಣ ಯಂತ್ರವನ್ನು ಪೆನ್‌ಡ್ರೈವಿನಿಂದ ಎಬ್ಬಿಸಬೇಕು.

ಇದಕ್ಕೆ 2004ರಲ್ಲಿ ಮೊದಲು ಹೊರಬಂದ ಜಿ-ಪಾರ್ಟೆಡ್ ಎಂಬ ಉಚಿತ ತಂತ್ರಾಂಶವಿದೆ. ಅದರ 'ಲೈವ್' ಐಎಸ್‌ಒ ಕಡತವನ್ನು ಪೆನ್‌ಡ್ರೈವಿಗೆ ಸುಮ್ಮನೆ ನಕಲು ಮಾಡಿದರೆ ಸಾಲದು. ರೂಫಸ್‌ನಂಥ ಸಾಧನದಿಂದ ಬರೆಯತಕ್ಕದ್ದು. ಆಗ ಪೆನ್‌ಡ್ರೈವಿನಲ್ಲಿ ಮೊದಲಿದ್ದುದೆಲ್ಲ ಅಳಿಯುವುದೆಂಬುದು ನೆನಪಿರಲಿ. ಬಳಿಕ ಯಂತ್ರವನ್ನು ಹಚ್ಚಿದೊಡನೆ ಎಫ್12 ಅಥವಾ ಆಯಾ ಯಂತ್ರಕ್ಕೆ ಗೊತ್ತಾದ ಕೀಲಿಯನ್ನು ಒತ್ತಿ ಪೆನ್‌ಡ್ರೈವನ್ನು ಆರಿಸಬೇಕು.

ಜಿ-ಪಾರ್ಟೆಡ್‌ನಲ್ಲಿ 'ಅಪ್ಲೈ' ಒತ್ತುವವರೆಗೆ ಏನೂ ಬದಲಾಗದು. ಅಷ್ಟರೊಳಗೆ ಡಿಸ್ಕಿನ ಹೆಸರನ್ನೂ ಗಾತ್ರವನ್ನೂ ಎರಡು ಬಾರಿ ನೋಡಿಕೊಳ್ಳಿ. ಒತ್ತಿದ ಮೇಲೆ ಕೆಲಸಕ್ಕೆ ಗಂಟೆಗಳೇ ಹಿಡಿದಾವು, ನಡುವೆ ನಿಲ್ಲಿಸಬಾರದು.

ಮಾರ್ಟಳ್ಳಿಯ ನನ್ನ ಮನೆಯಲ್ಲಿ ಒಮ್ಮೆ ಅದೇ ಹೊತ್ತಿಗೆ ಕರೆಂಟು ಹೋಯಿತು. ಹಲವು ವರ್ಷ ಕೂಡಿಸಿದ್ದ ಹಳಗನ್ನಡ ಪಾಠದ ಟಿಪ್ಪಣಿಗಳು ಮರಳಿ ಸಿಗಲಿಲ್ಲ. ತಪ್ಪು ನನ್ನದೇ, ಬೇರೊಂದು ಡಿಸ್ಕಿನಲ್ಲಿ ಪ್ರತಿ ಇಟ್ಟಿರಲಿಲ್ಲ. ಬದು ಸರಿಸುವ ಮೊದಲು ಫಸಲನ್ನು ಮನೆಗೆ ತಂದುಕೊಳ್ಳುವುದು ಲೇಸು.