ಎರಡು ಬಣಗಳು, ಒಂದು ಮೈದಾನ

ಕಾಲ್ಚೆಂಡಾಟವೆಂದೊಡನೆ ನಮ್ಮ ಕಥೋಲಿಕ ಕುಟುಂಬಗಳ ಮಕ್ಕಳ ಬಾಯಲ್ಲಿ ಬರುವ ಹೆಸರುಗಳು ಮ್ಯಾಂಚೆಸ್ಟರ್ ಯುನೈಟೆಡ್, ಲಿವರ್‌ಪೂಲ್, ಬಾರ್ಸಿಲೋನಾ. ಆ ಮ್ಯಾಂಚೆಸ್ಟರ್ ನಗರದ ಉತ್ತರಕ್ಕೆ ಕೆಲವೇ ಮೈಲಿಗಳ ದೂರದಲ್ಲಿ ಬೆರಿ ಎಂಬ ಹಳೆಯ ಗಿರಣಿ ಪಟ್ಟಣವಿದೆ. ಅಲ್ಲಿನ ಬೆರಿ ಫುಟ್‌ಬಾಲ್ ಕ್ಲಬ್ಬಿನ ಹೆಸರನ್ನು ಕೇಳಿದವರು ನಮ್ಮಲ್ಲಿ ವಿರಳ. ಬಹುಕಾಲ ಕೆಳ ಹಂತದ ಲೀಗ್‌ಗಳಲ್ಲಿಯೇ ಆಡಿದ ಈ ಸಂಘದ ವೃತ್ತಾಂತವನ್ನು ಈ ವಾರ ಓದುಗರ ಮುಂದಿಡಬಯಸಿದ್ದೇವೆ. ಸೋಲು ಗೆಲುವುಗಳಿಗಿಂತ ಆಳವಾದ ಪ್ರಶ್ನೆಯೊಂದು ಅದರೊಳಗಿದೆ: ಸಂಘವೊಂದು ನಿಜವಾಗಿ ಯಾರ ಸ್ವತ್ತು?

ಬೆರಿ ಸಂಘ ಹುಟ್ಟಿದ್ದು 1885ರಲ್ಲಿ. ಪಟ್ಟಣದ ವೆಸ್ಲಿಯನ್ ಸಭೆಯ ತಂಡವೊಂದು, ಯೂನಿಟೇರಿಯನ್ ಸಭೆಯ ತಂಡವೊಂದು, ವೈಟ್ ಹಾರ್ಸ್ ಹೋಟೆಲಿನಲ್ಲಿ ಸಭೆ ಸೇರಿ ಒಂದಾದವು. ದೈವಶಾಸ್ತ್ರವನ್ನು ಅಲ್ಪಸ್ವಲ್ಪ ಬಲ್ಲವರಿಗೆ ಇಲ್ಲಿ ಕಿರುನಗೆ ಮೂಡದಿರದು. ವೆಸ್ಲಿಯವರು ಪವಿತ್ರ ತ್ರಿತ್ವವನ್ನು ಆರಾಧಿಸುವವರು. ಯೂನಿಟೇರಿಯನ್ನರು ತ್ರಿತ್ವವನ್ನೇ ಒಪ್ಪದವರು. ಪೂಜಾಪೀಠದ ಬಳಿ ಎಂದೂ ಒಂದಾಗಲಾರದವರು ಹುಲ್ಲಿನ ಮೈದಾನದಲ್ಲಿ ಒಂದಾದರು. ಗಿಗ್ ಲೇನ್ ಎಂಬ ಆ ಮೈದಾನ ಅಂದಿನಿಂದಲೂ ಸಂಘದ ಮನೆ.

ಅದು ಲ್ಯಾಂಕಾಷೈರ್ ಸೀಮೆಯ ಹತ್ತಿ ಗಿರಣಿಗಳ ಉಚ್ಛ್ರಾಯ ಕಾಲ. (ನಮ್ಮ ಧಾರವಾಡ ಸೀಮೆಯ ಹತ್ತಿಯೂ 1860ರ ದಶಕದಲ್ಲಿ, ಅಮೆರಿಕದ ಅಂತರ್ಯುದ್ಧದಿಂದ ಅಲ್ಲಿನ ಹತ್ತಿ ನಿಂತುಹೋದಾಗ, ಆ ಸೀಮೆಯ ಗಿರಣಿಗಳಿಗೆ ಬೇಕಾಗಿತ್ತು.) ಶನಿವಾರ ಮಧ್ಯಾಹ್ನ ಗಿರಣಿಯ ಸೀಟಿ ಊದಿದ ಮೇಲೆ ಕಾರ್ಮಿಕನಿಗೆ ದೊರಕುತ್ತಿದ್ದ ವಿರಾಮವೇ ಆ ನಾಡಿನ ಕಾಲ್ಚೆಂಡಾಟದ ತಾಯಿಬೇರು. 1894ರಲ್ಲಿ ಬೆರಿ ಸಂಘ ಫುಟ್‌ಬಾಲ್ ಲೀಗ್ ಸೇರಿತು. 1900ರಲ್ಲಿ ಸೌತಾಂಪ್ಟನ್ ತಂಡವನ್ನು 4-0 ಅಂತರದಿಂದಲೂ 1903ರಲ್ಲಿ ಡರ್ಬಿ ಕೌಂಟಿಯನ್ನು 6-0 ಅಂತರದಿಂದಲೂ ಮಣಿಸಿ ಎಫ್.ಎ. ಕಪ್ ಗೆದ್ದಿತು. ಆ ಆರು ಗೋಲುಗಳ ಅಂತರವನ್ನು ಫೈನಲಿನಲ್ಲಿ ಸರಿಗಟ್ಟಲು 2019ರ ಮ್ಯಾಂಚೆಸ್ಟರ್ ಸಿಟಿಯೇ ಬರಬೇಕಾಯಿತು. 1929ರಲ್ಲಿ ಅಗ್ರ ವಿಭಾಗದಿಂದ ಇಳಿದ ಸಂಘ ಮತ್ತೆ ಅಲ್ಲಿಗೆ ಏರಲಿಲ್ಲ. ಲೀಗಿನ ನಾಲ್ಕೂ ವಿಭಾಗಗಳಲ್ಲಿ ತಲಾ ಸಾವಿರ ಗೋಲು ಹೊಡೆದ ಮೊದಲ ಸಂಘವೆಂಬ ದಾಖಲೆ 2005ರಲ್ಲಿ ಅದರ ಪಾಲಾಯಿತು. ಪದೇ ಪದೇ ಏರಿಳಿದವರಿಗೆ ಮಾತ್ರ ದಕ್ಕುವ ಗೌರವವದು!

2018ರ ಡಿಸೆಂಬರಿನಲ್ಲಿ ಸಾಲದಲ್ಲಿ ಮುಳುಗಿದ್ದ ಈ ಸಂಘ ಒಂದೇ ಒಂದು ಪೌಂಡಿಗೆ ಕೈ ಬದಲಾಯಿಸಿತು. ಮೈದಾನ ಆಗಲೇ ಅಡವಿಗೆ ಬಿದ್ದಿತ್ತು. ಆಟಗಾರರಿಗೆ ಸಂಬಳ ಸರಿಯಾಗಿ ದೊರೆಯದ ಆ ಋತುವಿನಲ್ಲಿಯೇ ತಂಡ ತನ್ನ ವಿಭಾಗದಲ್ಲಿ ಎರಡನೆಯ ಸ್ಥಾನ ಗಳಿಸಿ ಮೂರನೆಯ ಹಂತಕ್ಕೆ ಬಡ್ತಿ ಪಡೆದುದು ಸೋಜಿಗ. ಆದರೆ ಸಾಲ ತೀರಿಸುವ ಬಲವುಂಟೆಂಬ ಪುರಾವೆಯನ್ನು ಒಡೆಯರು ಲೀಗಿಗೆ ಒದಗಿಸಲಿಲ್ಲ. ಹೊಸ ಋತುವಿನ ಪಂದ್ಯಗಳು ಒಂದರ ಹಿಂದೊಂದು ರದ್ದಾದವು. ಮಾಜಿ ನಿರ್ದೇಶಕಿಯೊಬ್ಬರು ಗಿಗ್ ಲೇನಿನ ನೀರಿನ ಕೊಳವೆಗೆ ತಮ್ಮನ್ನು ಬೇಡಿಯಿಂದ ಬಿಗಿದುಕೊಂಡು ಪ್ರತಿಭಟಿಸಿದರು. ಕೊಳ್ಳುವವರು ದೊರೆತರೆಂಬ ಆಸೆಯಿಂದ 2019ರ ಆಗಸ್ಟ್ 27ರಂದು ನೂರಾರು ಜನ ಪೊರಕೆ, ಬಕೆಟ್ಟುಗಳನ್ನು ಹಿಡಿದು ಬಂದು ಮೈದಾನದ ಆಸನಗಳನ್ನು ತೊಳೆದರು. ಅದೇ ರಾತ್ರಿ, 125 ವರ್ಷಗಳ ಸದಸ್ಯತ್ವದ ತರುವಾಯ, ಬೆರಿ ಸಂಘವನ್ನು ಲೀಗಿನಿಂದ ಉಚ್ಚಾಟಿಸಲಾಯಿತು.

ಕಾನೂನಿನ ಕಣ್ಣಿಗೆ ಅಲ್ಲಿ ಅನ್ಯಾಯವೇನೂ ಕಾಣದಿರಬಹುದು. ಕಂಪನಿಯೊಂದು ದಿವಾಳಿಯಂಚಿಗೆ ಬಂದಿತು, ಅಷ್ಟೆ. ಆದರೆ ಧರ್ಮಸಭೆಯ ಸಾಮಾಜಿಕ ಬೋಧನೆ ಬೇರೊಂದು ದೃಷ್ಟಿಯನ್ನು ನಮಗೆ ಕಲಿಸಿದೆ. ಖಾಸಗಿ ಸ್ವತ್ತಿನ ಹಕ್ಕು ನಿಜ, ಅದರ ಮೇಲೆ ಸಮಾಜದ ಋಣವಿರುವುದೂ ಅಷ್ಟೇ ನಿಜ. ಜಗದ್ಗುರು ಹನ್ನೊಂದನೆಯ ಪಿಯುಸ್ 1931ರ ತಮ್ಮ ವಿಶ್ವಪತ್ರದಲ್ಲಿ ಕುಟುಂಬಕ್ಕೂ ರಾಜ್ಯಕ್ಕೂ ನಡುವಿನ ಕಿರಿಯ ಸಂಘಸಂಸ್ಥೆಗಳನ್ನು ನುಂಗಿಹಾಕುವುದು ಅನ್ಯಾಯವೆಂದು ತಿಳಿಸಿದರು. ಅವರ ಮನಸ್ಸಿನಲ್ಲಿದ್ದುದು ಎಲ್ಲವನ್ನೂ ತನ್ನ ಕೈಗೆ ತೆಗೆದುಕೊಳ್ಳುವ ರಾಜ್ಯ. ಹಣದ ಕೈಯೂ ಅದೇ ಕೆಲಸವನ್ನು ಮಾಡಬಲ್ಲುದೆಂದು ಬೆರಿಯ ಜನ ಕಂಡುಕೊಂಡರು. ಮೂರು ತಲೆಮಾರುಗಳು ಒಂದೇ ಸಾಲಿನಲ್ಲಿ ಕುಳಿತು ನೋಡಿದ ಆಟಕ್ಕೆ ಒಂದು ಪೌಂಡ್ ಬೆಲೆ ಕಟ್ಟಿದವರಾರು?

ಆದರೆ ಈ ವೃತ್ತಾಂತದಲ್ಲಿ ನಮ್ಮನ್ನು ಹೆಚ್ಚಾಗಿ ಹಿಡಿದು ನಿಲ್ಲಿಸಿದುದು ಒಡೆಯನ ಕಥೆಯಲ್ಲ, ಬೆಂಬಲಿಗರ ಕಥೆ. ಉಚ್ಚಾಟನೆಯ ನಂತರ ಅವರೇ ಎರಡಾದರು. ಒಂದು ಬಣ ಬೆರಿ ಎ.ಎಫ್.ಸಿ. ಎಂಬ ಹೊಸ ಸಂಘ ಕಟ್ಟಿ, 2020ರಲ್ಲಿ ಹತ್ತನೆಯ ಹಂತದಿಂದ, ನೆರೆಯೂರಾದ ರ್‍ಯಾಡ್‌ಕ್ಲಿಫಿನ ಮೈದಾನದಲ್ಲಿ ಆಡತೊಡಗಿತು. ಇನ್ನೊಂದು ಬಣ ಹಳೆಯ ಮೈದಾನವನ್ನೂ ಹಳೆಯ ಹೆಸರನ್ನೂ ಬಿಡಿಸಿಕೊಳ್ಳುವ ಪಣ ತೊಟ್ಟು, ಸರ್ಕಾರದ ನೆರವನ್ನೂ ದಾನಿಯ ನೆರವನ್ನೂ ಪಡೆದು 2022ರ ಫೆಬ್ರವರಿಯಲ್ಲಿ ಗಿಗ್ ಲೇನನ್ನು ಕೊಂಡುಕೊಂಡಿತು. ಒಬ್ಬರ ಬಳಿ ತಂಡವಿತ್ತು, ಮೈದಾನವಿಲ್ಲ. ಇನ್ನೊಬ್ಬರ ಬಳಿ ಮೈದಾನವಿತ್ತು, ತಂಡವಿಲ್ಲ. ನಮ್ಮ ಗುರುಮಠದ ದಿನಗಳಲ್ಲಿ ಅರಿಸ್ಟಾಟಲನ ದ್ರವ್ಯ ಮತ್ತು ರೂಪಗಳನ್ನು ಬಾಯಿಪಾಠ ಮಾಡಿದ್ದುಂಟು. ಎರಡನ್ನೂ ಹೀಗೆ ಬೇರೆ ಬೇರೆ ಬೀದಿಗಳಲ್ಲಿ ಕಾಣಬಹುದೆಂದು ಅಂದು ಯಾರೂ ಹೇಳಿರಲಿಲ್ಲ.

ಒಂದಾಗುವುದು ಸುಲಭವಾಗಲಿಲ್ಲ. 2022ರಲ್ಲಿ ನಡೆದ ಮತದಾನದಲ್ಲಿ ಒಂದು ಬಣ ಭಾರೀ ಬಹುಮತದಿಂದ ಒಪ್ಪಿದರೂ ಇನ್ನೊಂದು ಬಣದಲ್ಲಿ ಬೇಕಾದಷ್ಟು ಮತಗಳು ಅಲ್ಪದರಲ್ಲಿ ತಪ್ಪಿದವು. ಕಷ್ಟಕಾಲದಲ್ಲಿ ದುಡಿದು ಕಟ್ಟಿದ್ದನ್ನು ಬಿಟ್ಟುಕೊಡುವುದು ಯಾರಿಗಾದರೂ ಕಷ್ಟ. ಹಬ್ಬದ ಲೆಕ್ಕಪತ್ರದ ವಿಷಯಕ್ಕೆ ಇಬ್ಭಾಗವಾಗಿ, ವರ್ಷಗಟ್ಟಲೆ ಒಂದೇ ಬಲಿಪೂಜೆಯಲ್ಲಿ ಎರಡು ಕಡೆ ಕೂರುವವರನ್ನು ನಮ್ಮ ಧರ್ಮಕೇಂದ್ರಗಳಲ್ಲಿಯೂ ಕಂಡಿಲ್ಲವೆ? ಇಬ್ಬರೂ ದೇವಾಲಯವನ್ನು ಪ್ರೀತಿಸುವವರೇ. ಜಗಳಕ್ಕೆ ಅದೇ ಕಾರಣ. ಬೆರಿಯವರು ಮಾತುಕತೆಯನ್ನು ಕೈಬಿಡಲಿಲ್ಲ. 2023ರ ಮೇ ತಿಂಗಳಲ್ಲಿ ಮತ್ತೆ ಮತ ಹಾಕಿ ಒಂದಾದರು. ಬೆರಿ ಫುಟ್‌ಬಾಲ್ ಕ್ಲಬ್ ಎಂಬ ಹಳೆಯ ಹೆಸರಿನಲ್ಲಿ, ಹಳೆಯ ಮೈದಾನದಲ್ಲಿ, ಒಂಬತ್ತನೆಯ ಹಂತದಲ್ಲಿ ಆಟ ಮತ್ತೆ ಆರಂಭವಾಯಿತು. ಎಫ್.ಎ. ಕಪ್ಪಿಗಿಂತ ಇದನ್ನೇ ದೊಡ್ಡ ಗೆಲುವೆಂದು ನಾವು ಎಣಿಸುತ್ತೇವೆ.

2025ರ ವಸಂತದಲ್ಲಿ, ಋತುವಿನ ಕಡೆಯ ಪಂದ್ಯದಂದು, ಎಂಟು ಸಾವಿರಕ್ಕೂ ಮೀರಿದ ಜನರ ಮುಂದೆ ಗೆದ್ದು ಬೆರಿ ಆ ಲೀಗಿನ ಚಾಂಪಿಯನ್ ಆಯಿತು. ಆ ಮಟ್ಟದ ಪಂದ್ಯಗಳಿಗೆ ಸಾಮಾನ್ಯವಾಗಿ ಕೆಲವು ನೂರು ಜನ ಸೇರಿದರೆ ಹೆಚ್ಚು. ಅದೇ ವರ್ಷದ ಜುಲೈನಲ್ಲಿ ಇಂಗ್ಲೆಂಡಿನ ಕಾಲ್ಚೆಂಡಾಟಕ್ಕೆ ಸ್ವತಂತ್ರ ನಿಯಂತ್ರಕನನ್ನು ನೇಮಿಸುವ ಕಾಯಿದೆ ಜಾರಿಗೆ ಬಂದಿತು. ಸಂಘವನ್ನು ಕೊಳ್ಳಲು ಬರುವವರ ಯೋಗ್ಯತೆಯನ್ನು ಪರೀಕ್ಷಿಸುವ ಅಧಿಕಾರ ಅದಕ್ಕಿದೆ. ಆ ಕಾಯಿದೆಯ ಹಿಂದಿನ ಕಾರಣಗಳಲ್ಲಿ ಬೆರಿಯ ದುರಂತವೂ ಒಂದು.

ಮುಂದಿನ ಹಾದಿ ಕಡಿದಾದುದು. ಶತಮಾನ ದಾಟಿದ ಮೈದಾನದ ದುರಸ್ತಿಗೆ ಹಣ ಬೇಕು. ಬೆಂಬಲಿಗರ ಸಂಘದಲ್ಲಿ ಸದಸ್ಯನೊಬ್ಬನಿಗೆ ಒಂದೇ ಮತವಾದ್ದರಿಂದ ತೀರ್ಮಾನಗಳಿಗೆ ತಾಳ್ಮೆಯೂ ಬೇಕು. 2025ರ ಆಗಸ್ಟಿನಲ್ಲಿ ತಂಡ ಎಂಟನೆಯ ಹಂತದಲ್ಲಿ ಆಟ ಆರಂಭಿಸಿತು. ಕಳೆದುಕೊಂಡ ಲೀಗಿನ ಬಾಗಿಲಿಗೆ ಅಲ್ಲಿಂದ ನಾಲ್ಕು ಮೆಟ್ಟಿಲು. ಒಂದು ವರ್ಷವೂ ತಪ್ಪದೆ ಬಡ್ತಿ ದೊರೆತರೂ 2029ಕ್ಕಿಂತ ಮೊದಲು ಅಲ್ಲಿಗೆ ತಲುಪುವಂತಿಲ್ಲ.