ಕಣ್ಣೆದುರಿನ ನೊಣ

ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ಮುಂಜಾನೆ ನಡೆದಾಡುವ ಹಿರಿಯರಿಗೆ, ತಿಳಿಯಾದ ಆಕಾಶದತ್ತ ಕಣ್ಣೆತ್ತಿದಾಗ ಸಣ್ಣ ನೊಣವೊಂದು ಹಾರಿಹೋದಂತೆಯೋ ಕೂದಲಿನ ಎಳೆಯೊಂದು ತೇಲಿದಂತೆಯೋ ಕಾಣುವುದುಂಟು. ಕೈಬೀಸಿದರೆ ಅದು ಹೋಗದು. ದಿಟ್ಟಿಸಿ ನೋಡಹೋದರೆ ಪಕ್ಕಕ್ಕೆ ಜಾರುವುದು. ಕಣ್ಣನ್ನು ನಿಲ್ಲಿಸಿದರೆ ತಾನೂ ಮೆಲ್ಲನೆ ಸರಿದುಹೋಗುವುದು. ಹಳೆಯ ಗ್ರಂಥಗಳ ಸಹವಾಸದಲ್ಲಿಯೇ ಆಯುಷ್ಯ ಕಳೆದ ನಮಗೂ ಕೆಲವು ವರ್ಷಗಳಿಂದ, ಯಾರೂ ಅಚ್ಚುಹಾಕದ ಅಲ್ಪವಿರಾಮವೊಂದು ಬಿಳಿಯ ಹಾಳೆಯ ಮೇಲೆ ಸಾಲಿನಿಂದ ಸಾಲಿಗೆ ಜೊತೆಗೂಡಿ ಬರುತ್ತಿದೆ. ವೈದ್ಯರು ಇದನ್ನು ‘ಫ್ಲೋಟರ್ಸ್’ ಎನ್ನುತ್ತಾರೆ. ನಾವು ತೇಲುಚುಕ್ಕೆಗಳೆಂದು ಕರೆಯೋಣ.

ಇದು ಈ ಕಾಲದ ಕಾಯಿಲೆಯೇನೂ ಅಲ್ಲ. ಸುಶ್ರುತಸಂಹಿತೆಯ ಉತ್ತರತಂತ್ರದಲ್ಲಿ ದೃಷ್ಟಿರೋಗಗಳನ್ನು ವಿವರಿಸುವಾಗ, ದೋಷವು ಎರಡನೆಯ ಪಟಲವನ್ನು ಸೇರಿದರೆ ರೋಗಿಗೆ ನೊಣ, ಸೊಳ್ಳೆ, ಕೂದಲು, ಬಲೆಗಳು ಕಾಣುವುವೆಂದು ಹೇಳಿದೆ. ಪಶ್ಚಿಮದ ವೈದ್ಯರು ಲ್ಯಾಟಿನ್ ಭಾಷೆಯಲ್ಲಿ ಇಟ್ಟ ಹೆಸರು ‘ಮಸ್ಕೇ ವಾಲಿಟಾಂಟೀಸ್’, ಅಂದರೆ ಹಾರಾಡುವ ನೊಣಗಳು. ದೂರದೂರದ ಎರಡು ವೈದ್ಯಪರಂಪರೆಗಳಿಗೆ ಒಂದೇ ನೊಣ ಕಂಡದ್ದು ಕುತೂಹಲದ ಸಂಗತಿ. ಸುಶ್ರುತನು ಇದನ್ನು ರೋಗದ ಲಕ್ಷಣವೆಂದೇ ಎಣಿಸಿದನು. ಬಹುಪಾಲು ಸಂದರ್ಭಗಳಲ್ಲಿ ಇದು ವಯಸ್ಸಿನ ಸಹಜ ಧರ್ಮವೆಂದು ಇಂದಿನ ವೈದ್ಯಶಾಸ್ತ್ರ ಹೇಳುತ್ತದೆ. ಆದರೂ ಆ ಪ್ರಾಚೀನ ಆತಂಕವನ್ನು ಪೂರ್ತಿಯಾಗಿ ತಳ್ಳಿಹಾಕುವಂತಿಲ್ಲ.

ಕಣ್ಣುಗುಡ್ಡೆಯ ಒಳಗಿನ ಸುಮಾರು ಐದರಲ್ಲಿ ನಾಲ್ಕು ಪಾಲನ್ನು ‘ವಿಟ್ರಿಯಸ್’ ಎಂಬ ಪಾರದರ್ಶಕವಾದ ಲೋಳೆ ತುಂಬಿರುತ್ತದೆ. ಅದರ ಪ್ರಮಾಣ ಸುಮಾರು 4 ಮಿಲಿಲೀಟರು. ಅದರಲ್ಲಿ ಶೇಕಡ 98ಕ್ಕೂ ಹೆಚ್ಚು ಭಾಗ ನೀರೇ. ಉಳಿದ ಅತ್ಯಲ್ಪ ಭಾಗದಲ್ಲಿರುವ ಕೊಲಾಜನ್ ಎಂಬ ಸೂಕ್ಷ್ಮ ತಂತುಗಳು ಲೋಳೆಗೆ ಗಟ್ಟಿತನ ಕೊಡುತ್ತವೆ. ವಯಸ್ಸು ಕಳೆದಂತೆ ಲೋಳೆ ಅಲ್ಲಲ್ಲಿ ನೀರಾಗುತ್ತದೆ, ತಂತುಗಳು ಒಂದಕ್ಕೊಂದು ಅಂಟಿ ಗಂಟುಕಟ್ಟುತ್ತವೆ. ಬೆಳಕು ಒಳಬಂದಾಗ ಈ ಗಂಟುಗಳ ನೆರಳು ಹಿಂಬದಿಯ ಅಕ್ಷಿಪಟಲದ ಮೇಲೆ ಬೀಳುತ್ತದೆ. ನಾವು ನೊಣವೆಂದು ಭ್ರಮಿಸುವುದು ಈ ನೆರಳನ್ನು. ಬಿಳಿಯ ಗೋಡೆಯ ಮೇಲೆ, ಬಯಲಿನ ಆಕಾಶದಲ್ಲಿ ಅದು ಎದ್ದುಕಾಣುವುದೂ, ಮಬ್ಬುಗತ್ತಲಲ್ಲಿ ಮರೆಯಾಗುವುದೂ ಇದೇ ಕಾರಣದಿಂದ.

ಐವತ್ತು ಅರವತ್ತರ ವಯಸ್ಸಿನ ಬಳಿಕ ಈ ಲೋಳೆಯು ಕುಗ್ಗಿ ಅಕ್ಷಿಪಟಲದಿಂದ ಬಿಡಿಸಿಕೊಳ್ಳುವುದು ಸಾಮಾನ್ಯ. ಸಮೀಪದೃಷ್ಟಿಯ ಕನ್ನಡಕ ಧರಿಸುವವರಿಗೂ ಕಣ್ಣಿಗೆ ಪೆಟ್ಟು ಬಿದ್ದವರಿಗೂ ಪೊರೆಯ ಶಸ್ತ್ರಚಿಕಿತ್ಸೆಯಾದವರಿಗೂ ಇದು ಇನ್ನೂ ಬೇಗ ಆಗಬಹುದು. ಹಾಗೆ ಬಿಡಿಸಿಕೊಳ್ಳುವಾಗ ಲೋಳೆ ಅಕ್ಷಿಪಟಲವನ್ನು ಜಗ್ಗಿದರೆ, ಮಿದುಳಿಗೆ ಅದು ಬೆಳಕಾಗಿಯೇ ತೋರುತ್ತದೆ. ಕತ್ತಲಲ್ಲಿ ಕಣ್ಣಂಚಿನಲ್ಲಿ ಮಿಂಚು ಹೊಳೆಯುವುದು ಇದರಿಂದಲೇ. ಬೆಳಗಿನ ಜಾವ ಇಷ್ಟಲಿಂಗದ ಮೇಲೆ ದೃಷ್ಟಿ ನೆಟ್ಟು ಕುಳಿತಾಗ ಇಂಥ ಮಿಂಚು ಕಂಡು, ಅದನ್ನು ಸಾಧನೆಯ ಫಲವೆಂದು ಬಗೆದವರನ್ನು ನಾವು ಬಲ್ಲೆವು. ಪೂಜೆ ನಡೆಯಲಿ, ಆದರೆ ಅಂದೇ ವೈದ್ಯರನ್ನೂ ಕಾಣಬೇಕು. ಏಕೆಂದರೆ ಹೀಗೆ ಹೊಸದಾಗಿ ಚುಕ್ಕೆ, ಮಿಂಚುಗಳನ್ನು ಕಂಡು ಬರುವ ನೂರು ಜನರಲ್ಲಿ ಸುಮಾರು 10ರಿಂದ 15 ಜನರ ಅಕ್ಷಿಪಟಲದಲ್ಲಿ ಹರಿದ ಗಾಯವಿರುತ್ತದೆ. ಆ ಬಿರುಕಿನೊಳಗೆ ದ್ರವ ನುಗ್ಗಿದರೆ, ಗೋಡೆಗೆ ಅಂಟಿಸಿದ ಕಾಗದ ತೇವಕ್ಕೆ ಎದ್ದುಬರುವಂತೆ ಅಕ್ಷಿಪಟಲವೇ ಕಳಚಿಕೊಳ್ಳುತ್ತದೆ. ಆಗ ದೃಷ್ಟಿಯ ಒಂದು ಬದಿಯಿಂದ ಕರಿಯ ಪರದೆ ಎಳೆದಂತಾಗುವುದು. ಇದರಲ್ಲಿ ನೋವಿಲ್ಲ, ಕೆಂಪಿಲ್ಲ, ನೀರು ಸುರಿಯುವುದಿಲ್ಲ. ಅಪಾಯವಿರುವುದೇ ಇಲ್ಲಿ.

ನಮ್ಮ ಜನರಿಗೆ ಕಣ್ಣಿನ ವಿಷಯದಲ್ಲಿ ಕಾಯುವ ಅಭ್ಯಾಸ ಬಲವಾಗಿದೆ. ಅದಕ್ಕೊಂದು ಇತಿಹಾಸವೂ ಇದೆ. ಬೀಳಗಿಯಲ್ಲಿ 1916ರಲ್ಲಿ ಜನಿಸಿದ ಡಾ. ಎಂ.ಸಿ. ಮೋದಿಯವರು ಊರೂರಿಗೆ ಹೋಗಿ ನೇತ್ರಶಿಬಿರಗಳನ್ನು ನಡೆಸಿ ಲಕ್ಷಾಂತರ ಬಡವರ ಪೊರೆ ತೆಗೆದರು. ಒಂದೇ ದಿನದಲ್ಲಿ 833 ಶಸ್ತ್ರಚಿಕಿತ್ಸೆ ಮಾಡಿದ ದಾಖಲೆ ಅವರದು. 1956ರಲ್ಲಿ ಪದ್ಮಶ್ರೀ, 1968ರಲ್ಲಿ ಪದ್ಮಭೂಷಣ ಅವರನ್ನು ಅರಸಿ ಬಂದವು. 2005ರಲ್ಲಿ ಅವರು ತೀರಿಕೊಂಡರು. ಅಂಥ ಪುಣ್ಯಪುರುಷರ ಕಾಲದಲ್ಲಿ ಬೆಳೆದ ನಮ್ಮ ಮನೆಗಳಲ್ಲಿ, ಪೊರೆ ಬಲಿಯಲಿ, ಶಿಬಿರ ಬಂದಾಗ ತೆಗೆಸಿದರಾಯಿತು ಎಂಬ ಮಾತು ರೂಢಿಯಾಯಿತು. ಪೊರೆಯ ಮಟ್ಟಿಗೆ ಆ ಕಾಲಕ್ಕೆ ಅದು ನಡೆಯಿತು. ಪೊರೆ ಸಾಮಾನ್ಯವಾಗಿ ಕಾಯುತ್ತದೆ. ಕಳಚುತ್ತಿರುವ ಅಕ್ಷಿಪಟಲ ಕಾಯುವುದಿಲ್ಲ.

ನಮ್ಮ ನೆರೆಯ ಬಡಾವಣೆಯ ನಿವೃತ್ತ ಉಪಾಧ್ಯಾಯರೊಬ್ಬರಿಗೆ ದಸರೆಗೆ ನಾಲ್ಕು ದಿನವಿರುವಾಗ ಮಸಿ ಚೆಲ್ಲಿದಂತೆ ಚುಕ್ಕೆಗಳು ಕಂಡವು. ಮನೆಗೆ ನೆಂಟರು ಬರುವವರಿದ್ದರು. ಹಬ್ಬ ಮುಗಿಯಲಿ ಎಂದರು. ಮೂಗಿನ ಬದಿಯಿಂದ ಕತ್ತಲೆ ಏರುತ್ತ ಬಂದಾಗಲೂ ಮಕ್ಕಳಿಗೆ ಹೇಳಲಿಲ್ಲ. ಜಂಬೂಸವಾರಿಯ ಮರುದಿನ ಆಸ್ಪತ್ರೆಗೆ ಹೋದಾಗ ಅಕ್ಷಿಪಟಲದ ನಡುಭಾಗವೂ ಎದ್ದುಬಿಟ್ಟಿತ್ತು. ಶಸ್ತ್ರಚಿಕಿತ್ಸೆ ಯಶಸ್ವಿಯೇ ಆಯಿತು. ಆದರೆ ಆ ಕಣ್ಣಿಗೆ ಅಕ್ಷರಗಳು ಮತ್ತೆ ನೇರವಾಗಿ ನಿಲ್ಲಲಿಲ್ಲ. ನಡುಭಾಗ ಎದ್ದೇಳುವ ಮುನ್ನ ಹೋಗಿದ್ದರೆ ಓದುವ ದೃಷ್ಟಿ ಉಳಿಯುವ ಸಂಭವ ಬಹಳವಿತ್ತೆಂದು ವೈದ್ಯರು ಹೇಳಿದರಂತೆ.

ಬೇರೆ ಕಣ್ಣು ಹಾಕಿಸಬಹುದಲ್ಲವೇ ಎಂದು ಕೆಲವರು ಕೇಳುತ್ತಾರೆ. 2006ರಲ್ಲಿ ಡಾ. ರಾಜಕುಮಾರರ, 2021ರಲ್ಲಿ ಪುನೀತ್ ರಾಜಕುಮಾರರ ನೇತ್ರದಾನವು ನಾಡಿನ ಕಣ್ಣು ತೆರೆಸಿದ್ದು ನಿಜ. ಆದರೆ ದಾನವಾಗಿ ಬಂದ ಕಣ್ಣಿನಿಂದ ಮತ್ತೊಬ್ಬರಿಗೆ ಜೋಡಿಸುವುದು ಮುಂಬದಿಯ ಕಾರ್ನಿಯಾ ಎಂಬ ಪಾರದರ್ಶಕ ಪದರವನ್ನು ಮಾತ್ರ. ಇಡೀ ಕಣ್ಣನ್ನಾಗಲಿ ಅಕ್ಷಿಪಟಲವನ್ನಾಗಲಿ ಬದಲಿಸಿ ದೃಷ್ಟಿ ಕೊಡುವ ವಿದ್ಯೆ ಇನ್ನೂ ಕೈಗೂಡಿಲ್ಲ.

ಬೇಗ ಹೋದವರಿಗೆ ಉಪಾಯಗಳಿವೆ. ಬಿರುಕಷ್ಟೇ ಇದ್ದರೆ ಲೇಸರ್ ಕಿರಣದಿಂದಲೋ ಶೀತಚಿಕಿತ್ಸೆಯಿಂದಲೋ ಅದರ ಸುತ್ತ ಬೆಸುಗೆ ಹಾಕುತ್ತಾರೆ. ಸಾಮಾನ್ಯವಾಗಿ ಅದೇ ದಿನ ಮನೆಗೆ ಮರಳಬಹುದು. ಕಳಚಿದ್ದರೆ ಶಸ್ತ್ರಚಿಕಿತ್ಸೆ ಬೇಕು. 1920ರ ದಶಕದಲ್ಲಿ ಸ್ವಿಟ್ಜರ್ಲೆಂಡಿನ ಜೂಲ್ಸ್ ಗೋನಿನ್ ಎಂಬ ವೈದ್ಯರು ಬಿರುಕನ್ನು ಮುಚ್ಚಬೇಕೆಂಬ ಮಾರ್ಗ ತೋರುವವರೆಗೆ ಇದು ಅಸಾಧ್ಯ ರೋಗವೆಂದೇ ಹೆಸರಾಗಿತ್ತು. ಮೈಸೂರಿನಲ್ಲಿ ಕೆ.ಆರ್. ಆಸ್ಪತ್ರೆ, ಜೆ.ಎಸ್.ಎಸ್. ಆಸ್ಪತ್ರೆಗಳಲ್ಲಿ ನೇತ್ರವಿಭಾಗಗಳಿವೆ, ಅಗತ್ಯಬಿದ್ದರೆ ಅಕ್ಷಿಪಟಲದ ತಜ್ಞರಲ್ಲಿಗೆ ಕಳುಹಿಸುತ್ತಾರೆ. ಕನ್ನಡಕದ ಅಂಗಡಿಯ ಪರೀಕ್ಷೆ ಇದಕ್ಕೆ ಸಾಲದು.

ಸಕ್ಕರೆ ಕಾಯಿಲೆಯವರ ಮಾತು ಪ್ರತ್ಯೇಕ. ಅವರಲ್ಲಿ ಅಕ್ಷಿಪಟಲದ ದುರ್ಬಲ ರಕ್ತನಾಳ ಒಡೆದು ಲೋಳೆಗೆ ರಕ್ತ ಸೋರಿದಾಗಲೂ ಕರಿಯ ಚುಕ್ಕೆಗಳ ಮಳೆಯೇ ಸುರಿದಂತೆ ಕಾಣುವುದು. ಕಣ್ಣು ಚೆನ್ನಾಗಿಯೇ ಕಾಣುತ್ತಿದ್ದರೂ ಅವರು ವರ್ಷಕ್ಕೊಮ್ಮೆ ಪಾಪೆ ಹಿಗ್ಗಿಸಿ ಪರೀಕ್ಷೆ ಮಾಡಿಸಿಕೊಳ್ಳಬೇಕು. ಸಕ್ಕರೆ, ರಕ್ತದೊತ್ತಡಗಳನ್ನು ಹತೋಟಿಯಲ್ಲಿಡುವುದೇ ಅವರ ಕಣ್ಣಿಗೆ ದೊಡ್ಡ ಔಷಧ.

ಹಳೆಯ ಚುಕ್ಕೆಗೆ, ಎಂದರೆ ಹೆಚ್ಚದೆ ಮಿಂಚದೆ ಇದ್ದಲ್ಲೇ ಇರುವ ಚುಕ್ಕೆಗೆ, ಚಿಕಿತ್ಸೆ ಬೇಡ. ಲೋಳೆಯನ್ನೇ ತೆಗೆಯುವ ಶಸ್ತ್ರಕ್ರಿಯೆಯಿಂದ ಪೊರೆ ಬರುವ, ಅಕ್ಷಿಪಟಲ ಕಳಚುವ ಭಯವಿರುವುದರಿಂದ ಬಹಳ ತೊಂದರೆಯಾದವರಿಗೆ ಮಾತ್ರ ಅದನ್ನು ಮಾಡುತ್ತಾರೆ. ಓದುವಾಗ ಅಡ್ಡಬಂದರೆ ಕಣ್ಣನ್ನು ಮೇಲಕ್ಕೂ ಕೆಳಕ್ಕೂ ಹೊರಳಿಸಿದರೆ ನೆರಳು ಬದಿಗೆ ಸರಿಯುತ್ತದೆ. ತಿಂಗಳುಗಳು ಕಳೆದಂತೆ ಮನಸ್ಸು ಅದನ್ನು ಗಮನಿಸುವುದನ್ನೇ ಬಿಡುತ್ತದೆ. ಜೇನುತುಪ್ಪ, ಹರಳೆಣ್ಣೆ, ಸೊಪ್ಪಿನ ರಸಗಳನ್ನು ಕಣ್ಣಿಗೆ ಬಿಡುವ ಮನೆಮದ್ದು ಚುಕ್ಕೆಯನ್ನು ಮುಟ್ಟುವುದೇ ಇಲ್ಲ. ಸೋಂಕನ್ನು ಮಾತ್ರ ತರಬಲ್ಲದು. ನುಗ್ಗೆಸೊಪ್ಪು, ಪರಂಗಿ, ಗಜ್ಜರಿಗಳು ದೃಷ್ಟಿಗೆ ಹಿತಕರವೇ, ಆದರೆ ಯಾವ ಆಹಾರವೂ ಆ ಗಂಟನ್ನು ಕರಗಿಸದು. ಮಕ್ಕಳನ್ನು ದಿನಕ್ಕೆ ಎರಡು ಗಂಟೆಯಷ್ಟು ಬಯಲಿನಲ್ಲಿ ಆಡಲು ಬಿಟ್ಟರೆ ಸಮೀಪದೃಷ್ಟಿ ಬರುವುದು ತಗ್ಗುತ್ತದೆಂದು ಈಚಿನ ಅಧ್ಯಯನಗಳು ಕಂಡುಕೊಂಡಿವೆ. ಮೊಬೈಲು ಹಿಡಿದ ಮೊಮ್ಮಕ್ಕಳ ಮನೆಗಳಲ್ಲಿ ಇದನ್ನು ನೆನಪಿಡುವುದು ಒಳಿತು.

ಪರೀಕ್ಷೆಗೆ ಹೋಗುವಾಗ ಜೊತೆಗೆ ಒಬ್ಬರನ್ನು ಕರೆದೊಯ್ಯಿರಿ. ಪಾಪೆ ಹಿಗ್ಗಿಸುವ ಹನಿ ಬಿಟ್ಟ ಮೇಲೆ ಕೆಲವು ಗಂಟೆ ಹತ್ತಿರದ್ದು ಮಸುಕಾಗುವುದು, ಬಿಸಿಲು ಚುಚ್ಚುವುದು, ಸ್ಕೂಟರು ಓಡಿಸಬಾರದು. ಮೊದಲ ದಿನ ಬಿರುಕಿಲ್ಲವೆಂದು ಹೇಳಿದರೂ ನಾಲ್ಕರಿಂದ ಆರು ವಾರಗಳಲ್ಲಿ ಮತ್ತೊಮ್ಮೆ ಬರಹೇಳುವುದು ವಾಡಿಕೆ. ನಡುವೆ ಚುಕ್ಕೆಗಳು ಹೆಚ್ಚಿದರೆ ಆ ದಿನಾಂಕದವರೆಗೂ ಕಾಯದೆ ಅಂದೇ ಹೋಗತಕ್ಕದ್ದು.